ರೈಲು ನಿಲ್ದಾಣದಿಂದ ನೀರಿನ ದಂಡೆಗೆ: ನಗರದೊಳಗಿನ ನಡಿಗೆಗಳ ಕುರಿತು

ಸಭೆಯಲ್ಲಿರುವ ಹಿರಿಯರೇ, ಗೆಳೆಯರೇ,

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬಿನಲ್ಲಿ ವಾಸಿಸುವವರು ನಾವು. ಆದರೂ ಆ ಎರಡರಲ್ಲಿ ಒಂದೂ ರಾಯಚೂರು ಪಟ್ಟಣವನ್ನು ಮುಟ್ಟಿ ಹರಿಯುವುದಿಲ್ಲ. ಊರೊಳಗೆ ನಾವು ನಡೆದು ಹೋಗಿ ನೋಡಬಹುದಾದ ನೀರೆಂದರೆ ಮುಖ್ಯವಾಗಿ ಕೋಟೆಬೆಟ್ಟದ ಬುಡದಲ್ಲಿರುವ ಮಾವಿನಕೆರೆ, ಅಂದರೆ ಹಳಬರು ಆಮ್ ತಲಾಬ್ ಎನ್ನುವ ಕೆರೆ. ಇನ್ನು ನಮ್ಮ ರೈಲು ನಿಲ್ದಾಣ, ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿಕೊಂಡ ಸ್ಥಳ. ಈ ಎರಡನ್ನೂ ಒಂದು ನಡಿಗೆಯ ದಾರಿಯಿಂದ ಜೋಡಿಸಬೇಕೆಂಬುದು ನನ್ನ ಬಹುಕಾಲದ ಹಂಬಲ. ಅದಕ್ಕೆ ಕಾರಣಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕೆರೆಯ ಅಭಿವೃದ್ಧಿ ಎಂದೊಡನೆ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಸುತ್ತ ಬೇಲಿ, ಒಂದು ಗೇಟು, ಕಲ್ಲು ಹಾಸಿದ ಒಂದು ಸುತ್ತು. ಅಲ್ಲಿಗೆ ಬರುವವರು ಬೈಕಿನಲ್ಲಿಯೋ ಕಾರಿನಲ್ಲಿಯೋ ಬಂದು, ನಾಲ್ಕು ಸುತ್ತು ಹಾಕಿ, ಮತ್ತೆ ವಾಹನವೇರಿ ಹೋಗುತ್ತಾರೆ. ಇದು ವ್ಯಾಯಾಮಕ್ಕೆ ಸಾಕು, ಊರನ್ನು ಅರಿಯುವುದಕ್ಕೆ ಸಾಲದು. ನಿಲ್ದಾಣದಿಂದ ಹೊರಡುವ ನಡಿಗೆಯ ಸ್ವಭಾವವೇ ಬೇರೆ. ಅದಕ್ಕೆ ಸ್ವಂತ ವಾಹನ ಬೇಡ; ಯಾದಗಿರಿಯಿಂದ ಬಂದ ವಿದ್ಯಾರ್ಥಿನಿಗೂ ಮಂತ್ರಾಲಯಕ್ಕೆ ಹೊರಟ ಯಾತ್ರಿಕನಿಗೂ ಅದು ಸಮಾನವಾಗಿ ತೆರೆದಿರುತ್ತದೆ.

ಇಂಥ ನಡಿಗೆಗೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಲಂಡನ್ನಿನ ರೀಜೆಂಟ್ಸ್ ಕಾಲುವೆ. 1820ರಲ್ಲಿ ಪೂರ್ಣಗೊಂಡ ಈ ಕಾಲುವೆ ಸರಕು ಸಾಗಣೆಗೆಂದೇ ತೋಡಿದ್ದು. ಕಲ್ಲಿದ್ದಲು, ಮರಮುಟ್ಟು ತುಂಬಿದ ದೋಣಿಗಳನ್ನು ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. ಆ ಕುದುರೆಗಳ ಹಾದಿಯೇ ಇಂದು ಜನರ ಕಾಲ್ದಾರಿಯಾಗಿದೆ. ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಇಳಿದು, ಹತ್ತಿರದ ಲಿಟಲ್ ವೆನಿಸ್ ಎಂಬಲ್ಲಿ ದಂಡೆ ಸೇರಿ, ರೀಜೆಂಟ್ಸ್ ಪಾರ್ಕಿನ ಅಂಚಿನಲ್ಲಿ ಮೃಗಾಲಯವನ್ನೂ ಮುಂದೆ ಕ್ಯಾಮ್ಡೆನ್ ಪೇಟೆಯನ್ನೂ ದಾಟಿದರೆ, ಸುಮಾರು ಏಳು ಕಿಲೋಮೀಟರಿನ ನಡಿಗೆಯ ಕೊನೆಗೆ ಕಿಂಗ್ಸ್ ಕ್ರಾಸ್ ನಿಲ್ದಾಣ ಸಿಗುತ್ತದೆ. ಹೊರಟಲ್ಲಿಗೇ ಹಿಂದಿರುಗುವ ಗೋಜಿಲ್ಲ; ಅಲ್ಲಿಂದಲೇ ರೈಲು ಹತ್ತಬಹುದು.

ಆ ದಾರಿಯಲ್ಲಿ ಮ್ಯಾಕಲ್ಸ್‌ಫೀಲ್ಡ್ ಎಂಬ ಸೇತುವೆಯೊಂದಿದೆ. 1874ರ ಅಕ್ಟೋಬರಿನಲ್ಲಿ ಮದ್ದಿನಪುಡಿ ಹೊತ್ತ ದೋಣಿಯೊಂದು ಅದರ ಕೆಳಗೇ ಸಿಡಿದು ಸೇತುವೆ ಉರುಳಿತು. ಮತ್ತೆ ಕಟ್ಟುವಾಗ ಹಳೆಯ ಕಬ್ಬಿಣದ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿದ್ದರಿಂದ, ಕುದುರೆಗಳ ಹಗ್ಗ ಉಜ್ಜಿ ಉಜ್ಜಿ ಕೊರೆದ ಗೆರೆಗಳು ಈಗ ಕಂಬದ ಎರಡೂ ಮಗ್ಗುಲಲ್ಲಿ ಕಾಣುತ್ತವೆ. ಕಾಲ್ನಡಿಗೆಯಲ್ಲಿ ಹೋಗುವವರ ಕೈಗೆ ಮಾತ್ರ ಸಿಗುವ ಚರಿತ್ರೆ ಇದು. ಕಿಂಗ್ಸ್ ಕ್ರಾಸ್‌ನಿಂದ ಮುಂದೆ ಪೂರ್ವಕ್ಕೆ ಸಾಗಿದರೆ ಕಾಲುವೆ ಇಸ್ಲಿಂಗ್ಟನ್ನಿನ ಸುರಂಗವನ್ನು ಹೊಗುತ್ತದೆ, ಒಳಗೆ ಕಾಲ್ದಾರಿಯಿಲ್ಲ. ನಡೆಯುವವರು ದಿಬ್ಬವೇರಿ, ಬೀದಿಗಳ ಗುರುತು ಹಿಡಿದು, ಆಚೆ ಬದಿಯಲ್ಲಿ ಮತ್ತೆ ನೀರಿಗಿಳಿಯಬೇಕು. ಅಂದರೆ ನೀರಿನ ನಡಿಗೆ ಎಲ್ಲ ಕಡೆಯೂ ನೀರಿನ ಪಕ್ಕದಲ್ಲಿಯೇ ಇರಬೇಕೆಂದಿಲ್ಲ. ದಾರಿ ಕಡಿದಲ್ಲಿ ಮುಂದಿನ ತುದಿ ಎಲ್ಲಿದೆಯೆಂದು ಸರಿಯಾಗಿ ತೋರಿಸಿದರೆ ಸಾಕು.

ನಮಗೆ ಹತ್ತಿರದ ಉದಾಹರಣೆ ಮುಂಬಯಿ. ಚರ್ಚ್‌ಗೇಟ್ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಮರೀನ್ ಡ್ರೈವ್. ಕಡಲನ್ನು ಎಡಕ್ಕಿಟ್ಟುಕೊಂಡು ಗಿರ್‌ಗಾಂವ್ ಚೌಪಾಟಿಯವರೆಗೆ ಸಾಗಿದರೆ ಬಳಿಯಲ್ಲೇ ಚರ್ನಿ ರೋಡ್ ನಿಲ್ದಾಣ. ದುಡಿಮೆಗೆಂದು ಮುಂಬಯಿಗೆ ಹೋದ ನಮ್ಮ ಜಿಲ್ಲೆಯವರು ಆ ಕಟ್ಟೆಯ ಮೇಲೆ ಖರ್ಚಿಲ್ಲದೆ ಸಂಜೆ ಕಳೆಯಬಲ್ಲರು. ಇದಕ್ಕೆ ತದ್ವಿರುದ್ಧವಾದುದು ಬೆಂಗಳೂರು. ಸಿಟಿ ಸ್ಟೇಷನ್ನಿನ ಎದುರಿಗೇ, ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆಯಿತ್ತು. ಅದು ಬತ್ತಿದ ಮೇಲೆ ಆ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಅಲ್ಲಿ ಬಸ್ಸಿಗಾಗಿ ಕಾಯುವಾಗಲೆಲ್ಲ ಆ ನಷ್ಟ ನನ್ನನ್ನು ಕಾಡುತ್ತದೆ.

ರಾಯಚೂರು ಇನ್ನೂ ಆ ಸ್ಥಿತಿಗೆ ಬಂದಿಲ್ಲ. ನಿಲ್ದಾಣದಿಂದ ಕೋಟೆಯ ಕಡೆಗೆ ನಡೆದೇ ಹೋಗಬಹುದು, ಮತ್ತು ಆ ದಾರಿಯಲ್ಲಿ ನೋಡತಕ್ಕದ್ದು ಬಹಳವಿದೆ. ಒಳಕೋಟೆಯ ಗೋಡೆಯಲ್ಲಿ 1294ರ ಶಾಸನ ಹೊತ್ತ, ನಲವತ್ತು ಅಡಿಗಿಂತ ಉದ್ದದ ಒಂದೇ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಲಂಡನ್ನಿನ ಕಂಬದ ಗೆರೆಗಳಂತೆ ಇದೂ ಭಾರ ಎಳೆದವರ ದಾಖಲೆಯೇ, ಅದಕ್ಕಿಂತ ಐದು ಶತಮಾನಗಳಿಗೂ ಹಳೆಯದು. 1513ರ ಏಕ್ ಮಿನಾರ್ ಮಸೀದಿ, ಹೊರಕೋಟೆಯ ಕಂದಕ, ಕೊನೆಗೆ ಕೆರೆ.

ಈ ದಾರಿ ಪೂರ್ತಿ ನೀರಿನ ಪಕ್ಕದ್ದಲ್ಲ. ಪೇಟೆಯ ನಡುವೆ, ಆಟೋ ಮತ್ತು ತಳ್ಳುಗಾಡಿಗಳ ನಡುವೆ ಸಾಗಬೇಕು. ಆದ್ದರಿಂದಲೇ ಇಸ್ಲಿಂಗ್ಟನ್ನಿನ ಪಾಠ ನಮಗೆ ಬೇಕಾಗಿದೆ. ತಳ್ಳುಗಾಡಿಯವರನ್ನು ಎಬ್ಬಿಸಿ ದಾರಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಡೆಯುವವರಿಗೆ ನೀರು, ಚಹಾ, ಮಿರ್ಚಿ ಕೊಡುವವರು ಅವರೇ. ಆಗಬೇಕಾದ ಕೆಲಸ ಬೇರೆ. ಕೆರೆಗೆ ಚರಂಡಿ ನೀರು ಸೇರುವುದು ನಿಲ್ಲದಿದ್ದರೆ ಎಷ್ಟು ಚಂದದ ಕಲ್ಲು ಹಾಸಿದರೂ ಮೂಗು ಮುಚ್ಚಿಕೊಂಡು ಯಾರೂ ನಡೆಯಲಾರರು, ಹಾಗಾಗಿ ಖರ್ಚಿನ ಮೊದಲ ಪಾಲು ಅಲ್ಲಿಗೆ ಹೋಗಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ನೆರಳಿಲ್ಲದ ದಾರಿ ದಾರಿಯೇ ಅಲ್ಲ. ದುಬಾರಿ ಅಲಂಕಾರದ ಗಿಡಗಳ ಬದಲು ಬೇವು, ಹೊಂಗೆ ನೆಡಬೇಕು. ಸಂಜೆ ಹೆಣ್ಣುಮಕ್ಕಳು ಅಂಜದೆ ನಡೆಯುವಂತೆ ಉದ್ದಕ್ಕೂ ದೀಪಗಳೂ ಒಂದು ಶುಚಿಯಾದ ಶೌಚಾಲಯವೂ ಬೇಕು.

ಇವೆಲ್ಲಕ್ಕೆ ಕಾಲ ಹಿಡಿಯುತ್ತದೆ. ಆದರೆ ನಿಲ್ದಾಣದ ಹೊರಬಾಗಿಲಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದ ಒಂದು ಹಲಗೆಯನ್ನು ಈ ವರ್ಷವೇ ನಿಲ್ಲಿಸಬಹುದು. ಅದರಲ್ಲಿ ಕೋಟೆಯ ಕಲ್ಲಿಗೆ, ಮಸೀದಿಗೆ, ಕೆರೆಯ ಏರಿಗೆ ನಡೆದರೆ ಎಷ್ಟು ನಿಮಿಷವೆಂದು ಬರೆದಿರಬೇಕು. ಮುಂದಿನ ರೈಲಿಗೆ ಎರಡು ತಾಸು ಕಾಯಬೇಕಾದವರು ಕೆರೆಯವರೆಗೆ ಹೋಗಿ ಬರಬಹುದೇ ಎಂಬುದು ಆ ಹಲಗೆಯಿಂದಲೇ ಅವರಿಗೆ ತಿಳಿಯಬೇಕು.