ಕುಮಾರ ಗಂಧರ್ವರು ಬಂದಿಶ್ ಕಟ್ಟಿದ ಬಗೆ

ಕೇಳುಗರಿಗೆ ನಮಸ್ಕಾರ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಬಂದಿಶ್, ಅಂದರೆ ರಾಗ-ತಾಳಕ್ಕೆ ಕೂಡಿಸಿದ ಹಾಡು, ಕಟ್ಟಿದ್ದು ಹೇಗೆ, ಅದನ್ನು ನಾವು ಕಲಿಯುವುದು ಹೇಗೆ ಎಂಬುದು ಇಂದಿನ ಮಾತು.

ಮುಂಬಯಿಯ ಚರ್ನಿ ರೋಡ್ ಸ್ಟೇಶನ್ನಿನಲ್ಲಿ ಇಳಿದು ಆಪೆರಾ ಹೌಸ್ ಕಡೆ ಹೆಜ್ಜೆ ಹಾಕಿದರೆ ತುಸು ದೂರದ ದಾರಿ. ಆ ಆಸುಪಾಸಿನಲ್ಲೇ ಪ್ರೊಫೆಸರ್ ಬಿ.ಆರ್. ದೇವಧರ್ ಅವರ ಸಂಗೀತ ಶಾಲೆ ಇತ್ತು. ಬೆಳಗಾವಿ ಹತ್ತಿರದ ಸುಳೇಭಾವಿಯ ಹುಡುಗ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ 1936ರಲ್ಲಿ ಈ ಶಾಲೆಗೆ ಬಂದು ಸೇರಿದ. ಹುಟ್ಟಿದ್ದು 1924ರ ಏಪ್ರಿಲ್ 8. ಊರು ಬಿಡುವ ಮೊದಲೇ ಕುಮಾರ ಗಂಧರ್ವ ಎಂಬ ಬಿರುದು ಹೆಸರಿಗೆ ಅಂಟಿಕೊಂಡಿತ್ತು.

ಹುಡುಗನ ಕೈಗುಣ, ಅಲ್ಲ, ಕಿವಿಗುಣ ದೊಡ್ಡದು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನ ಮೂರು ನಿಮಿಷದ ಗಾಯನವನ್ನು ತಾನ್ (ವೇಗದ ಸ್ವರಗಳ ಓಟ), ತಿರುವು ಸಮೇತ ಹಾಗೆ ಹಾಗೇ ಒಪ್ಪಿಸುತ್ತಿದ್ದ. ಇಂಥ ಮಗುವಿಗೆ ಕಲಿಸುವುದು ಸುಲಭವೆಂದು ತೋರುತ್ತದೆ. ನಿಜಕ್ಕೂ ಕಷ್ಟ ಅಲ್ಲೇ ಇದೆ. ಹತ್ತು ಜನರ ದನಿ ಬಾಯಲ್ಲಿ ಕೂತಿರುವಾಗ ತನ್ನದೊಂದು ಸ್ವರ ಏಳುವುದು ಹೇಗೆ? ದೇವಧರ್ ಮಾಸ್ತರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಆದರೆ ಒಂದೇ ಘರಾಣೆಗೆ, ಅಂದರೆ ಗಾಯನ ಪರಂಪರೆಗೆ, ಕಟ್ಟುಬಿದ್ದವರಲ್ಲ. ಬೇರೆ ಬೇರೆ ಘರಾಣೆಯ ಗಾಯಕರು ಅವರ ಶಾಲೆಗೆ ಬಂದುಹೋಗುತ್ತಿದ್ದರು. ಗೋವೆಯ ಮೂಲದ, ಭೇಂಡಿಬಜಾರ್ ಘರಾಣೆಯ ಅಂಜನಿಬಾಯಿ ಮಾಲ್ಪೇಕರ್ ಅವರಿಂದಲೂ ಕುಮಾರರಿಗೆ ಪಾಠವಾಯಿತು. ರಾಗ ಯಾಕೆ ಹೀಗೆ ನಡೆಯುತ್ತದೆ, ಚೀಜಿನ (ಬಂದಿಶಿನ) ಈ ಅಕ್ಷರ ಇಲ್ಲೇ ಯಾಕೆ ಕೂತಿದೆ ಎಂದು ಕೇಳುವ ಅಭ್ಯಾಸ ಬೆಳೆದದ್ದು ಈ ಮುಂಬಯಿ ವರ್ಷಗಳಲ್ಲಿ.

1947ರಲ್ಲಿ ಕ್ಷಯ. ಹವೆ ಒಣಗಿದ್ದರೆ ಒಳ್ಳೆಯದೆಂದು 1948ರಲ್ಲಿ ಮಧ್ಯಭಾರತದ ಮಾಳವ ಸೀಮೆಯ ದೇವಾಸಕ್ಕೆ ಹೋದರು. ಹಾಡುವುದಿರಲಿ, ಗುನುಗುವುದಕ್ಕೂ ವೈದ್ಯರ ಅಡ್ಡಿ. ಪತ್ನಿ ಭಾನುಮತಿಯವರು ಆರೈಕೆಗೆ ನಿಂತರು. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಬಂದಮೇಲೆ ಜೀವ ಉಳಿಯಿತು, ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಾಯಿತು. ಹಾಸಿಗೆಯಲ್ಲಿ ಮಲಗಿದ್ದ ಆ ವರ್ಷಗಳಲ್ಲಿ ಕಿವಿಗೆ ಬಿದ್ದದ್ದು ಓಣಿಯ ಹೆಂಗಸರ ಮಾಳವಿ ಹಾಡು.

ಆ ಹಾಡುಗಳ ಧುನ್, ಅಂದರೆ ಮಟ್ಟು, ನಾಲ್ಕೈದು ಸ್ವರದೊಳಗೇ ತಿರುಗುತ್ತದೆ. ಅಷ್ಟನ್ನು ಎತ್ತಿ ರಾಗ ಎಂದು ಕರೆದರೆ ಹತ್ತು ನಿಮಿಷದಲ್ಲಿ ಬರಿದಾಗುತ್ತದೆ. ಹೊಸ ರಾಗ ಮಾಡಹೊರಟ ಎಷ್ಟೋ ಜನ ಎಡವುವುದು ಇಲ್ಲಿ: ಎರಡು ಸ್ವರ ಅದಲುಬದಲು ಮಾಡಿ ಹೆಸರಿಡುತ್ತಾರೆ, ರಾಗಕ್ಕೆ ನಡಿಗೆಯೇ ಇರುವುದಿಲ್ಲ. ಕುಮಾರರು ಧುನ್ನಿನ ಜೀವವಿರುವ ಒಂದು ತಿರುವನ್ನು ಹಿಡಿದು, ಅದು ಯಾವ ಸ್ವರದ ಮೇಲೆ ತಂಗುತ್ತದೆ, ಇಳಿಯುವಾಗ ಯಾವುದನ್ನು ಹಾರುತ್ತದೆ ಎಂದು ನೋಡಿ, ಅಲ್ಲಿಂದ ಚಲನ್ (ರಾಗದ ನಡಿಗೆ) ಬೆಳೆಸಿದರು. ಮಾಲವತಿ, ಸಂಜಾರಿ, ಮಧಸುರ್ಜಾ, ಸಹೇಲಿ ತೋಡಿ, ಲಗನ್ ಗಾಂಧಾರ ಹೀಗೆ ಬಂದವು. ಇವನ್ನು ಅವರು ಧುನ್ ಉಗಮ, ಅಂದರೆ ಧುನ್ನಿನಿಂದ ಹುಟ್ಟಿದ, ರಾಗಗಳೆಂದರು. ಸ್ವರಲಿಪಿ ಸಮೇತ ಅವರ ಬಂದಿಶ್‌ಗಳನ್ನು 'ಅನೂಪರಾಗವಿಲಾಸ' ಎಂಬ ಹೆಸರಿನಲ್ಲಿ 1965ರಲ್ಲಿ ಮುಂಬಯಿಯ ಮೌಜ್ ಪ್ರಕಾಶನ ಹೊರತಂದಿತು. ನಮ್ಮ ಹುಡುಗರು ಧ್ವನಿಮುದ್ರಿಕೆಯ ಜೊತೆಗೆ ಈ ಪುಸ್ತಕವನ್ನೂ ತೆರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಒತ್ತಾಯ.

ಯಾಕೆಂದರೆ ತಪ್ಪಾಗುವುದು ಧ್ವನಿಮುದ್ರಿಕೆಯನ್ನಷ್ಟೇ ನಂಬಿದಾಗ. ಅವರ ಗಾಯನದಲ್ಲಿ ತುಂಡುತುಂಡು ತಾನ್, ನಡುವೆ ಥಟ್ಟನೆ ಮೌನ. ಕಲಿಯುವವರು ಆ ತುಂಡುಗಳನ್ನೇ ನಕಲು ಮಾಡುತ್ತಾರೆ. ಉಸಿರು ಕಮ್ಮಿಯಿದ್ದ ಆ ಗಾಯಕ ಉಸಿರು ಎಳೆಯುತ್ತಿದ್ದ ಜಾಗವನ್ನು ಗಮನಿಸಿ ಕೇಳಿ. ಮಾತು ಮುಗಿದಲ್ಲಿ, ಅರ್ಥ ತಿರುಗಿದಲ್ಲಿ ಮೌನ ಬೀಳುತ್ತದೆ. ನಕಲಿನಲ್ಲಿ ಅದೇ ಮೌನ ಪದದ ನಡುವೆ ಬಿದ್ದು ಪದ ಮುರಿಯುತ್ತದೆ.

ಹಾಗಾಗಿ ಅವರ ಮಧ್ಯಲಯದ (ನಡುವೇಗದ) ತೀನ್‌ತಾಲದ ಒಂದು ಬಂದಿಶ್ ತೆಗೆದುಕೊಂಡರೆ ಮೊದಲು ಹಾಡಬೇಡಿ. ಆ ತಾಳದ 16 ಮಾತ್ರೆ, ಅಂದರೆ ಎಣಿಕೆ, ಕೈಯಲ್ಲಿ ಹಾಕುತ್ತ ಸಾಹಿತ್ಯವನ್ನು ಬರೇ ಮಾತಿನಲ್ಲಿ ಹೇಳಿ. ಮುಖಡಾ (ಬಂದಿಶಿನ ಮೊದಲ ತುಣುಕು) ಯಾವ ಮಾತ್ರೆಯಿಂದ ಏಳುತ್ತದೆ, ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಯಾವ ಅಕ್ಷರ ಬೀಳುತ್ತದೆ ಎಂದು ಪೆನ್ಸಿಲ್‌ನಿಂದ ಗುರುತು ಹಾಕಿ. 9ನೇ ಮಾತ್ರೆಯಲ್ಲಿ, ಅಂದರೆ ಚಪ್ಪಾಳೆಯಿಲ್ಲದ ಖಾಲಿಯಲ್ಲಿ ಎದ್ದದ್ದಾದರೆ ಸಮ್ ಮುಟ್ಟಲು ಎಂಟೇ ಮಾತ್ರೆ ಇರುತ್ತವೆ. ಆ ಎಂಟರ ತೂಕ ನಾಲಗೆಗೆ ಹಿಡಿಸಿದ ಮೇಲೆ ಬಂದಿಶಿನ ಮೊದಲ ಭಾಗ ಸ್ಥಾಯಿ, ಆಮೇಲೆ ಎರಡನೇ ಭಾಗ ಅಂತರಾ, ಎರಡನ್ನೂ ಆಲಾಪ ಸೇರಿಸದೆ ಹತ್ತು ಸಲ ಹಾಡಿ.

ಕನ್ನಡದ ನಾಲಗೆಗೆ ಇನ್ನೊಂದು ತೊಡಕಿದೆ. ನಮ್ಮ ಮಾತು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತದೆ, ಮಾಳವಿ, ಹಿಂದಿಯ ಎಷ್ಟೋ ಪದ ವ್ಯಂಜನದಲ್ಲಿ ನಿಲ್ಲುತ್ತದೆ. 'ಮೋರ್' ಎಂಬುದನ್ನು ನಾವು ಗೊತ್ತಿಲ್ಲದೆ 'ಮೋರು' ಮಾಡುತ್ತೇವೆ. ಆ 'ಉ'ಕಾರ ತುಸು ಕಾಲ ತಿಂದುಬಿಡುತ್ತದೆ, ಮುಂದಿನ ಪದ ತಡವಾಗಿ ಸಮ್‌ಗೆ ಓಡಿಬರುತ್ತದೆ. ತುಟಿ ಮುಚ್ಚದೆ, ನಾಲಗೆಯ ತುದಿಯಲ್ಲಿ 'ರ್' ಹಿಡಿದು ಬಿಡಿ.

ಕಡೆಯದಾಗಿ ತಂಬೂರಿ. ಅದರ ಸುರ್ ಮಿಲಾಯಿಸುವುದರಲ್ಲಿ, ಅಂದರೆ ಶ್ರುತಿ ಕೂಡಿಸುವುದರಲ್ಲಿ, ಕುಮಾರರು ಎಳ್ಳಷ್ಟೂ ರಾಜಿಯಾಗುತ್ತಿರಲಿಲ್ಲ. ಮುಂಬಯಿಯ ಜುಲೈ ತಿಂಗಳಲ್ಲಿ ಮರದ ಕುಂಟಿ (ತಂತಿ ಬಿಗಿಯುವ ಬಿರಡೆ) ಉಬ್ಬಿ ಹಿಡಿದುಕೊಳ್ಳುತ್ತದೆ, ಎಸಿ ಇರುವ ಸಭಾಗೃಹಕ್ಕೆ ಒಯ್ದರೆ ಒಣಗಿ ಜಾರುತ್ತದೆ. ಅರ್ಧ ಗಂಟೆ ಮುಂಚೆ ವೇದಿಕೆಗೆ ತಂದಿಡಿ. ಕುಂಟಿಯಿಂದ ಹತ್ತಿರಕ್ಕೆ ತಂದು ತಂತಿಯ ಮಣಿ ಸರಿಸಿ ಸೂಕ್ಷ್ಮ ಮಾಡಿ, ಜವಾರಿಯ (ತಂತಿಗೆ ಝೇಂಕಾರ ಕೊಡುವ ಕುದುರೆಯ) ಮೇಲಿನ ನೂಲನ್ನು ಕೂದಲೆಳೆಯಷ್ಟು ಸರಿಸುತ್ತ ಹೋಗಿ. ಖರಜದ (ಮಂದ್ರ ಷಡ್ಜದ) ತಂತಿಯೊಳಗಿಂದ ಗಾಂಧಾರ ತಾನಾಗಿ ಕೇಳಿಸಿದಾಗ ನೂಲು ಅಲ್ಲೇ ಬಿಡಿ.