ನರ್ಸರಿಯಲ್ಲಿ ಅರಬ್ಬಿ, ಫ್ರೆಂಚ್: ಕನ್ನಡದ ಕಿವಿಯಿಂದಲೇ ಶುರು ಮಾಡಿ

[ಪರದೆ: ಒಂದು ಬಟ್ಟಲು ಸಕ್ಕರೆ. ಪುಟ್ಟ ಕೈಯೊಂದು ಚಿಟಿಕೆ ತೆಗೆಯುತ್ತದೆ.]

ನಿರೂಪಣೆ: ಮಂಡ್ಯದ ಮಗುವಿಗೆ ‘ಸಕ್ಕರೆ’ ಅನ್ನೋ ಪದವನ್ನು ಯಾರೂ ಕಲಿಸಬೇಕಾಗಿಲ್ಲ. ಅರಬ್ಬಿಯಲ್ಲಿ ಇದು ‘ಸುಕ್ಕರ್’, ಫ್ರೆಂಚಿನಲ್ಲಿ ‘ಸ್ಯೂಕ್ರ್’. ಮೂರಕ್ಕೂ ಬೇರು ಒಂದೇ. ನಮ್ಮ ‘ಶರ್ಕರಾ’ ಪರ್ಷಿಯಾ ದಾಟಿ ಅರಬ್ಬರ ಬಾಯಿಗೆ ಹೋಯಿತು, ಅಲ್ಲಿಂದ ಇಟಲಿಯ ದಾರಿಯಲ್ಲಿ ಫ್ರಾನ್ಸ್ ತಲುಪಿತು. ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆ ಪದ ಇಲ್ಲ. ಯಾಕೆ ಅಂತ ಮುಂದೆ ಹೇಳ್ತೀವಿ.

ಈ ವಿಡಿಯೋ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ ಮಾಡುವ ಮಿಸ್‌ಗಳಿಗೆ. ಮೊದಲು ಒಂದು ವಿಷಯ ತಿಳಿದಿರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿದೇಶಿ ಭಾಷೆಗಳ ಮಾತೆತ್ತುವುದು ಪ್ರೌಢಶಾಲೆಯ ಹಂತದಲ್ಲಿ. ನರ್ಸರಿಯಲ್ಲಿ ಕಲಿಸುವುದು ಶಾಲೆಯದೇ ಆಯ್ಕೆ. ಹಾಗಾಗಿ ಮುಗಿಸಲೇಬೇಕಾದ ಪಠ್ಯವಾಗಲಿ, ಪರೀಕ್ಷೆಯಾಗಲಿ ಇಲ್ಲ. ಈ ಸ್ವಾತಂತ್ರ್ಯವನ್ನು ದಯವಿಟ್ಟು ಕಳೆದುಕೊಳ್ಳಬೇಡಿ.

[ಪರದೆ: ಸೇಬಿನ ಚಿತ್ರದ ಕಾರ್ಡ್. ಮೇಲೆ ಅಡ್ಡಗೆರೆ ಬೀಳುತ್ತದೆ.]

ನಿರೂಪಣೆ: ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು ಇದು: “ಆಪಲ್ ಅಂದ್ರೆ ಪೊಮ್.” ಮಗು ಫ್ರೆಂಚಿಗೆ ಹೋಗೋಕೆ ಇಂಗ್ಲಿಷಿನ ಸೇತುವೆ ಹತ್ತಬೇಕು. ಆ ಸೇತುವೆಯಲ್ಲಿ ತ ಹೋಗಿ ಟ ಆಗುತ್ತೆ, ದ ಹೋಗಿ ಡ ಆಗುತ್ತೆ. ಫ್ರೆಂಚ್, ಅರಬ್ಬಿ ಎರಡರಲ್ಲೂ ಮಾಮೂಲಿ ತ, ದ ಹೊರಡುವುದು ನಾಲಿಗೆ ಹಲ್ಲಿಗೆ ತಾಗಿದಾಗ, ನಮ್ಮ ‘ತಾತ’, ‘ದಾರ’ದ ಹಾಗೆ. ಕನ್ನಡದ ಮಗುವಿಗೆ ಇದು ಪುಕ್ಕಟೆ ಸಿಕ್ಕಿರುತ್ತೆ. ಇಂಗ್ಲಿಷ್ ನಡುವೆ ಬಂದರೆ ಫ್ರೆಂಚಿನಲ್ಲಿ ಎರಡು ಅನ್ನುವ ‘ದೊ’ ‘ಡೊ’ ಆಗುತ್ತೆ, ಅರಬ್ಬಿಯಲ್ಲಿ ಹುಡುಗಿ ಅನ್ನುವ ‘ಬಿಂತ್’ ‘ಬಿಂಟ್’ ಆಗುತ್ತೆ. ಸೇಬನ್ನೇ ಕೈಗೆ ಕೊಡಿ, ಪದ ಹೇಳಿ, ಸುಮ್ಮನಾಗಿ.

ಅರಬ್ಬಿಯಲ್ಲಂತೂ ಕನ್ನಡ ಇನ್ನೂ ಹತ್ತಿರದ ನೆಂಟ. ‘ಬಳೆ’, ‘ಬಾಳೆ’ ಬೇರೆ ಅಂತ ನಮ್ಮ ಮಗುವಿಗೆ ಗೊತ್ತು. ಹಾಗೇ ‘ಜಮಲ್’ ಅಂದ್ರೆ ಒಂಟೆ, ‘ಜಮಾಲ್’ ಅಂದ್ರೆ ಚೆಲುವು. ‘ಕತೆ’, ‘ಕತ್ತೆ’ ಬೇರೆ. ಹಾಗೇ ‘ಹಮಾಮ್’ ಅಂದ್ರೆ ಪಾರಿವಾಳ, ‘ಹಮ್ಮಾಮ್’ ಅಂದ್ರೆ ಸ್ನಾನದ ಮನೆ. ಇಂಗ್ಲಿಷಿನವರು ಒದ್ದಾಡುವ ಈ ಒತ್ತು ನಮಗೆ ದಿನದ ಮಾತು. ‘ಸುಕ್ಕರ್’ ಪದದ ಕ್ಕ ನಮ್ಮ ಸಕ್ಕರೆಯ ಕ್ಕನೇ. ಸಕ್ಕರೆಯಿಂದ ಶುರು ಮಾಡಿ ಅಂದಿದ್ದು ಅದಕ್ಕೇ.

[ಪರದೆ: ಅಂಗೈ ಅಗಲದ ಕನ್ನಡಿ. ಮಗುವಿನ ಉಸಿರಿಗೆ ಮಂಜು ಕಟ್ಟುತ್ತದೆ.]

ನಿರೂಪಣೆ: ಹೊಸ ಧ್ವನಿಗಳಿಗೆ ಒಂದು ಸಣ್ಣ ಕನ್ನಡಿ ಸಾಕು. ಈ ‘ಹಮಾಮ್’ನ ಹ ನಮ್ಮ ಹ ಅಲ್ಲ, ಗಂಟಲಿನ ಆಳದ್ದು. ಕನ್ನಡಿ ಒರೆಸುವ ಮುಂಚೆ ಬಾಯಗಲಿಸಿ ಬಿಸಿ ಉಸಿರು ಬಿಡ್ತೀವಲ್ಲ, ಅದೇ. ಫ್ರೆಂಚಿನ ‘ಸ್ಯೂಕ್ರ್’ನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ‘ಈ’ ಅಂತ ಎಳೆಯುತ್ತಾ ಇರಿ, ನಾಲಿಗೆ ಅಲ್ಲಾಡಿಸದೆ ತುಟಿ ಮಾತ್ರ ‘ಊ’ಗೆ ತನ್ನಿ. ಕನ್ನಡಿಯಲ್ಲಿ ತುಟಿ ನೋಡಿದ ಮಗು ಬೇಗ ಹಿಡಿಯುತ್ತೆ, ಬರಿ ಕೇಳಿಸಿಕೊಂಡ ಮಗು ‘ಯೂ’ ಅಂದುಬಿಡುತ್ತೆ. ಚೆನ್ನಾಗಿದೆ ಅನ್ನುವ ‘ಬೋಂ’ ಹೇಳುವಾಗ ನಾಲಿಗೆಯ ತುದಿ ಮೇಲೇಳಬಾರದು, ಕೊನೆಗೆ ತುಟಿಯೂ ಮುಚ್ಚಬಾರದು. ನಾಲಿಗೆ ಎದ್ದರೆ ‘ಬೋನ್’, ತುಟಿ ಕೂಡಿದರೆ ‘ಬೋಮ್’.

ಎರಡೂ ಭಾಷೆ ಕಲಿಸುವ ಕಡೆ ಒಂದು ಲಾಭವಿದೆ. ಅರಬ್ಬಿಯ ‘ಗೈನ್’ ಅಕ್ಷರ, ಫ್ರೆಂಚಿನ ‘ರ’, ಎರಡೂ ಹೆಚ್ಚುಕಡಿಮೆ ಒಂದೇ ಜಾಗದಿಂದ ಬರುತ್ತವೆ: ಗಂಟಲಲ್ಲಿ ನೀರು ಗಳಗಳ ಆಡಿಸುವ ಜಾಗ. ಒಂದು ಬಂದರೆ ಇನ್ನೊಂದಕ್ಕೆ ಅರ್ಧ ದಾರಿ ಸವೆದ ಹಾಗೆ. ಆದರೆ ಗಂಟಲು ಬಿಗಿದು ಹೇಳುವ ಅರಬ್ಬಿಯ ‘ಐನ್’, ನಾಲಿಗೆಯ ಬುಡ ಹಿಂದಕ್ಕೆಳೆದು ಹೇಳುವ ದಪ್ಪ ಸ ಆದ ‘ಸ್ವಾದ್’, ಇವಕ್ಕೆ ಹಟ ಹಿಡಿಯಬೇಡಿ. ಅರಬ್ಬಿ ಮನೆಮಾತಿನ ಮಕ್ಕಳಿಗೂ ದಪ್ಪ ಧ್ವನಿಗಳು ತಡವಾಗೇ ಕೂಡಿಬರೋದು.

ಮೈಸೂರಿನ ತರಗತಿಯಲ್ಲಿ ಉರ್ದು ಮನೆಮಾತಿನ ಮಕ್ಕಳೂ ಇರ್ತಾರೆ. ಅವರಿಗೆ ಗಂಟಲಲ್ಲಿ ಉಜ್ಜಿ ಬರುವ ‘ಖಾ’, ‘ಗೈನ್’ ಸಲೀಸು. ಆದರೆ ಉರ್ದುವಿನಲ್ಲಿ ‘ಸೀನ್’, ‘ಸ್ವಾದ್’, ‘ಸಾ’ ಮೂರೂ ಒಂದೇ ಸ. ಅರಬ್ಬಿಯಲ್ಲಿ ಮೂರೂ ಬೇರೆ. ಆ ಮಗು ತಪ್ಪು ಹೇಳ್ತಿಲ್ಲ, ಮನೆಯ ಭಾಷೆ ಹೇಳ್ತಿದೆ. “ಅಲ್ಲ” ಅನ್ನಬೇಡಿ, ನೀವು ಸರಿಯಾಗಿ ಇನ್ನೊಮ್ಮೆ ಹೇಳಿ. ಕುರಾನ್ ಓದಲು ಕಲಿಯೋದು ಬೇರೆ ವಿದ್ಯೆ, ಅರಬ್ಬಿಯಲ್ಲಿ ನೀರು ಕೇಳೋದು ಬೇರೆ. ಶಾಲೆ ಯಾವುದನ್ನು ಕಲಿಸುತ್ತೆ ಅನ್ನೋದನ್ನು ಪೋಷಕರಿಗೆ ಮೊದಲೇ ಹೇಳಿ.

[ಪರದೆ: ಎರಡು ಕೈಗೊಂಬೆಗಳು, ಕೋಣೆಯ ಎರಡು ಮೂಲೆಯಲ್ಲಿ.]

ನಿರೂಪಣೆ: ದಿನಕ್ಕೆ 15 ನಿಮಿಷ, ವಾರಕ್ಕೆ 5 ಹೊಸ ಪದ. ವಾರಕ್ಕೊಮ್ಮೆ ಒಂದು ಗಂಟೆ ಪಾಠ ಇಟ್ಟರೆ ಮುಂದಿನ ವಾರಕ್ಕೆ ಏನೂ ಉಳಿದಿರಲ್ಲ. ಒಂದು ಭಾಷೆ ಜೂನ್‌ನಲ್ಲಿ ಶುರುವಾದರೆ ಇನ್ನೊಂದು ದಸರಾ ರಜೆಯ ನಂತರ. ಒಂದೊಂದು ಭಾಷೆಗೆ ಒಂದೊಂದು ಗೊಂಬೆ, ಒಂದೊಂದು ಮೂಲೆ. ಫ್ರೆಂಚ್ ಗೊಂಬೆ ಅರಬ್ಬಿ ಮಾತಾಡಕೂಡದು. ಮೊದಲ ಮೂರು ನಾಲ್ಕು ವಾರ “ಹೇಳು ಪುಟ್ಟ” ಅನ್ನಲೇಬೇಡಿ. ಎದ್ದೇಳು, ಕೂತ್ಕೋ, ಕೊಡು: ಆಜ್ಞೆ ನಿಮ್ಮದು, ಕೆಲಸ ಮಗುವಿನದು. ಅರಬ್ಬಿಯಲ್ಲಿ ಎಚ್ಚರ ಬೇಕು. ಹುಡುಗನಿಗೆ ‘ಇಜ್ಲಿಸ್’, ಹುಡುಗಿಗೆ ‘ಇಜ್ಲಿಸೀ’, ಗುಂಪಿಗೆ ‘ಇಜ್ಲಿಸೂ’.

ಲಿಂಗ ಇನ್ನೊಂದು ಕಡೆ ಕಾಡುತ್ತೆ. ಕನ್ನಡದಲ್ಲಿ ಕುರ್ಚಿ ‘ಅದು’. ಈ ಎರಡು ಭಾಷೆಯಲ್ಲಿ ‘ಅದು’ ಅನ್ನೋದೇ ಇಲ್ಲ, ಎಲ್ಲವೂ ಅವನು ಅಥವಾ ಅವಳು. ಅದೂ ಒಪ್ಪಂದವಿಲ್ಲದೆ: ಅರಬ್ಬಿಯಲ್ಲಿ ಸೂರ್ಯ ‘ಶಮ್ಸ್’ ಹೆಣ್ಣು, ಚಂದ್ರ ‘ಕಮರ್’ ಗಂಡು. ಫ್ರೆಂಚಿನಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು. ವಿವರಿಸೋಕೆ ಹೋಗಬೇಡಿ. ಫ್ರೆಂಚಿನಲ್ಲಿ ಬರೀ ‘ಲ್ಯೂನ್’ ಅನ್ನದೆ ಯಾವಾಗಲೂ ‘ಲಾ ಲ್ಯೂನ್’ ಅನ್ನಿ. ‘ಲಾ’ ಬಿಟ್ಟು ಕಲಿತ ಪದಕ್ಕೆ ಅದನ್ನು ಆಮೇಲೆ ಅಂಟಿಸೋದು ಬಲು ಕಷ್ಟ.

ಬರವಣಿಗೆ ಎಲ್‌ಕೆಜಿಯಲ್ಲಿ ಬೇಡವೇ ಬೇಡ. ಅರಬ್ಬಿಯ 28 ಅಕ್ಷರಗಳು ಬಲದಿಂದ ಎಡಕ್ಕೆ ಹೋಗುತ್ತವೆ, ಪದದಲ್ಲಿ ಕೂತ ಜಾಗಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. 6 ಅಕ್ಷರ ಎಡಗಡೆಯದರ ಜೊತೆ ಸೇರೋದೇ ಇಲ್ಲ. ಕನ್ನಡದ ‘ಅ’ ಇನ್ನೂ ಕೈಗೆ ಕೂತಿರದ ಮಗುವಿಗೆ ಇದು ಹೊರೆ. ಯುಕೆಜಿಯಲ್ಲಿ ತಟ್ಟೆಯಲ್ಲಿ ರಾಗಿ ಹರಡಿ, ಬೆರಳಲ್ಲಿ ಒಂದೊಂದೇ ಅಕ್ಷರ ಎಳೆಸಿ. ಶುರು ಮಾಡುವ ಬಲಗಡೆ ಅಂಚಿಗೆ ಒಂದು ಕೆಂಪು ಬೊಟ್ಟು ಅಂಟಿಸಿ.

“ಎರಡು ಮೂರು ಭಾಷೆಯಿಂದ ನಮ್ಮ ಮಗು ಮಾತಾಡೋದೇ ತಡವಾಯ್ತು” ಅಂತ ಕೆಲವರು ಹೆದರುತ್ತಾರೆ. ಹೆಚ್ಚು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಹುಟ್ಟಲ್ಲ. ಮಗು ಮನೆಮಾತಿನಲ್ಲೂ ಹಿಂದಿದ್ದರೆ ಭಾಷೆ ಬಿಡಿಸಿ ಕಾಯುತ್ತಾ ಕೂರಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ತೋರಿಸಿ.

[ಪರದೆ: ತಟ್ಟೆಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚುಗಳು: ಆನೆ, ಮೀನು, ಹಕ್ಕಿ.]

ನಿರೂಪಣೆ: ಮಗು ಎಷ್ಟು ಕಲಿತಿದೆ ಅಂತ ನೋಡೋಕೆ ಜನವರಿಯಲ್ಲಿ ಹೀಗೆ ಮಾಡಿ. ಮೂರು ಅಚ್ಚು ಮುಂದಿಡಿ. ಫ್ರೆಂಚ್ ಗೊಂಬೆ “ದೊನ್ ಮ್ವಾ ಲೆಲೆಫಾಂ” ಅನ್ನಲಿ, ಅಂದರೆ ಆನೆ ಕೊಡು. ಇನ್ನೊಂದು ದಿನ ಅರಬ್ಬಿ ಗೊಂಬೆ ‘ಫೀಲ್’ ಕೇಳಲಿ. ಗೊಂಬೆ ಕೈಯಲ್ಲಿ ತೋರಿಸಬಾರದು, ನೀವೂ ಆನೆಯ ಕಡೆ ಕಣ್ಣು ಹಾಯಿಸಬಾರದು. ಮಕ್ಕಳು ನಿಮ್ಮ ಕಣ್ಣನ್ನೇ ಓದಿಬಿಡ್ತಾರೆ. ಸರಿಯಾದ ಅಚ್ಚು ಕೈಗೆ ಬಂದರೆ ಪುಸ್ತಕದಲ್ಲಿ ಗುರುತು ಹಾಕಿ, ಆ ಅಚ್ಚನ್ನು ಮಗುವಿಗೇ ತಿನ್ನೋಕೆ ಕೊಡಿ.