‘ಬಂದೆ’ ಎಂಬ ಮಾತು ಮತ್ತು ವಿಮಾನದ ರೇಡಿಯೊ

ಮಾನ್ಯ ಕೇಳುಗರಿಗೆ ನಮಸ್ಕಾರ.

ಹೊರಗೆ ಸ್ಕೂಟರಿನ ಹಾರ್ನ್ ಕೇಳಿದೊಡನೆ ನಾವು ಒಳಗೆ ಇನ್ನೂ ಚಪ್ಪಲಿ ಹುಡುಕುತ್ತಲೇ "ಬಂದೆ, ಬಂದೆ" ಎಂದು ಕೂಗುತ್ತೇವೆ. ವ್ಯಾಕರಣದಲ್ಲಿ ಅದು ಭೂತಕಾಲದ ಕ್ರಿಯಾಪದ. ಬಳಕೆಯಲ್ಲಿ ಇನ್ನೂ ಹೊರಡದವನ ಸಮಜಾಯಿಷಿ. ಕಾಯುತ್ತಿರುವವರಿಗೂ ಇದು ಗೊತ್ತಿರುವುದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ವಿಮಾನದ ಪೈಲಟ್ ಮತ್ತು ವಾಯುಸಂಚಾರ ನಿಯಂತ್ರಕರ ನಡುವೆ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದೆ ಬರಿಯ ದನಿಯಷ್ಟೇ ಓಡಾಡುವಾಗ, ಇಂಥ ಮಾತು ಪ್ರಾಣಕ್ಕೇ ಎರವಾಗಬಲ್ಲದು.

1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರೀಫ್ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ರನ್‌ವೇ ಮೇಲೆ ಓಟ ಆರಂಭಿಸಿದ್ದ, ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ ವಿಮಾನದಿಂದ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಎನ್ನುವಂಥ ಒಂದು ಇಂಗ್ಲಿಷ್ ವಾಕ್ಯ ಬಂತು. ಹೊರಟಾಯಿತು ಎಂಬುದು ಹೇಳಿದವರ ಭಾವ. ಹೊರಡುವ ಜಾಗದಲ್ಲಿ ಕಾದು ನಿಂತಿದ್ದಾರೆ ಎಂಬುದು ಕೇಳಿದ ನಿಯಂತ್ರಕರ ತಿಳಿವಳಿಕೆ. ಕಾಯಿರಿ, ಮತ್ತೆ ಕರೆಯುತ್ತೇನೆ ಎಂದು ಅವರು ಕೊಟ್ಟ ಉತ್ತರವು, ಅದೇ ಗಳಿಗೆಯಲ್ಲಿ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನವೂ ಮಾತನಾಡಿದ್ದರಿಂದ, ಕೀರಲು ಸದ್ದಿನಲ್ಲಿ ಮುಳುಗಿಹೋಯಿತು. ಆ ಪ್ಯಾನ್ ಆಮ್ ವಿಮಾನ ಅದೇ ರನ್‌ವೇ ಮೇಲಿತ್ತು; ಎರಡೂ ಡಿಕ್ಕಿ ಹೊಡೆದವು. ಸತ್ತವರು 583 ಮಂದಿ. ಆ ದುರಂತದ ಬಳಿಕ, ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಮಾಡುವಾಗ ಮಾತ್ರ ‘ಟೇಕಾಫ್’ ಎನ್ನಬೇಕು, ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು ಎಂಬ ಶಿಸ್ತು ಬಂತು.

ನಮ್ಮ ದೇಶದಲ್ಲೇ, 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಮಂದಿ ತೀರಿಕೊಂಡರು. 15,000 ಅಡಿಯಲ್ಲಿ ಇರಬೇಕಾಗಿದ್ದ ಕಜಕ್ ವಿಮಾನ ಅಪ್ಪಣೆಯಿಲ್ಲದೆ ಕೆಳಗಿಳಿದದ್ದೇ ಮೂಲ ಕಾರಣವೆಂದು ತನಿಖೆ ಹೇಳಿತು. ಅದರ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿತ್ತೆಂಬುದನ್ನೂ ಪೂರಕ ಕಾರಣಗಳಲ್ಲಿ ಸೇರಿಸಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2003ರಲ್ಲಿ, ರೇಡಿಯೊದಲ್ಲಿ ಮಾತನಾಡುವ ಪೈಲಟ್ ಮತ್ತು ನಿಯಂತ್ರಕರಿಗೆ ಭಾಷಾ ಸಾಮರ್ಥ್ಯದ ನಿಯಮಗಳನ್ನು ಅಂಗೀಕರಿಸಿ, 2008ರ ಮಾರ್ಚ್‌ನಿಂದ ಅನ್ವಯಿಸಿತು. ಸಿದ್ಧವಾಗದ ದೇಶಗಳಿಗೆ 2011ರವರೆಗೆ ಅವಕಾಶವಿತ್ತು. ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರರಲ್ಲೂ ಅಭ್ಯರ್ಥಿಯನ್ನು ಅಳೆಯುತ್ತಾರೆ. ಆರು ಮಟ್ಟಗಳಿವೆ, ಕನಿಷ್ಠ ನಾಲ್ಕನೆಯದು ಬೇಕು. ಐದರಲ್ಲಿ ಚೆನ್ನಾಗಿದ್ದು ಒಂದರಲ್ಲಿ ಮೂರನೆಯ ಮಟ್ಟದಲ್ಲಿದ್ದರೆ, ಆ ಅಭ್ಯರ್ಥಿಯ ಒಟ್ಟು ಮಟ್ಟ ಮೂರೇ.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಮೇಲೆ ಹಾರುವ ತರಬೇತಿ ವಿಮಾನಗಳನ್ನು ನೋಡುತ್ತ ಬೆಳೆದ, ಮಂಡ್ಯ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಇದನ್ನು ಕೇಳಿ ಹಿಂಜರಿಯುವುದುಂಟು. ಅವರು ಒಂದನ್ನು ತಿಳಿಯಬೇಕು. ಮಾತೃಭಾಷೆಯ ಸೊಗಡು ಉಚ್ಚಾರಣೆಯಲ್ಲಿ ಉಳಿದರೆ ನಿಯಮ ಅದನ್ನು ತಪ್ಪೆನ್ನುವುದಿಲ್ಲ; ಅರ್ಥಕ್ಕೆ ಮತ್ತೆ ಮತ್ತೆ ಅಡ್ಡಬಂದರೆ ಮಾತ್ರ ಬಿಡುವುದಿಲ್ಲ. ಹಾಲು ‘ಆಲು’ ಆದರೆ ಮಂಡ್ಯದಲ್ಲಿ ಯಾರೂ ಬೇರೆ ಏನನ್ನೂ ತಂದುಕೊಡುವುದಿಲ್ಲ. ಆದರೆ ರನ್‌ವೇಗೆ ಮೊದಲೇ ನಿಲ್ಲುತ್ತೇನೆಂದು ಒಪ್ಪುವ ‘ಹೋಲ್ಡ್ ಶಾರ್ಟ್’ ಎಂಬ ಮಾತು ಕೇಳುವವರಿಗೆ ‘ವೋಲ್ಡ್’ ಎಂದು ತಲುಪಬಾರದು. ಎ, ಓ ಸ್ವರಗಳ ಮೊದಲು ಯಕಾರ, ವಕಾರ ಸೇರಿಸುವ ನಮ್ಮ ನಾಲಗೆಯನ್ನು ಕೆಲವು ವಾರ ಪಳಗಿಸಿದರೆ ಸಾಕು. ಮಂಡಕಳ್ಳಿಯ ರನ್‌ವೇಯ ಒಂದು ತುದಿಯ ಹೆಸರು 09. ಅದನ್ನು ‘ಜೀರೊ ನೈನರ್’ ಎನ್ನುವುದು ರೂಢಿ, ಏಕೆಂದರೆ ಸದ್ದಿನ ನಡುವೆ ‘ನೈನ್’ ಮತ್ತು ‘ಫೈವ್’ ಒಂದೇ ಎನಿಸುತ್ತವೆ.

ಇಂಗ್ಲಿಷನ್ನು ತಾಯಿನುಡಿಯಾಗಿ ಪಡೆದವರೂ ಇಲ್ಲಿ ಪಾರಾಗುವುದಿಲ್ಲ. 1989ರ ಫೆಬ್ರುವರಿಯಲ್ಲಿ ಕ್ವಾಲಾಲಂಪುರದ ಬಳಿ, 2,400 ಅಡಿಗೆ ಇಳಿಯಿರಿ ಎಂಬ ಸೂಚನೆಯಲ್ಲಿನ ‘ಟೂ’ ಅಂಕಿಯನ್ನು ‘ವರೆಗೆ’ ಎಂಬರ್ಥದ ‘ಟು’ ಎಂದು ತಿಳಿದು 400 ಅಡಿಗೆ ಇಳಿಯಹೊರಟ ಸರಕು ವಿಮಾನದ ಅಮೆರಿಕನ್ ಸಿಬ್ಬಂದಿ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಆದರೂ ಎಲ್ಲಕ್ಕಿಂತ ಮೇಲಿನದಾದ ಆರನೆಯ ಮಟ್ಟ ಪಡೆದವರಿಗೆ ಮರುಪರೀಕ್ಷೆಯಿಲ್ಲ. ನಾಲ್ಕನೆಯವರು ಮೂರು ವರ್ಷಕ್ಕೊಮ್ಮೆ, ಐದನೆಯವರು ಆರು ವರ್ಷಕ್ಕೊಮ್ಮೆ ಕೂರಬೇಕು. ಇದು ನನಗೆ ಸರಿಯೆನಿಸಿಲ್ಲ. ನಿಮಿಷಕ್ಕೆ ನೂರು ಪದ ಮೀರಬಾರದೆಂಬ ಮಿತಿಯನ್ನು ಮರೆಯುವವರು ಹೆಚ್ಚಾಗಿ ಚೆನ್ನಾಗಿ ಬಲ್ಲವರೇ.

ಇನ್ನು, ರೇಡಿಯೊದಲ್ಲಿ ಆಡಲೆಂದೇ ಮೊದಲೇ ಗೊತ್ತುಮಾಡಿಟ್ಟ ಸಿದ್ಧವಾಕ್ಯಗಳು. ಅವನ್ನು ಬಾಯಿಪಾಠ ಮಾಡಬಹುದು. ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದಾಗ, ಹಕ್ಕಿ ಬಡಿದು ಎಂಜಿನ್ ಅದುರಿದಾಗ, ಸಿದ್ಧವಾಕ್ಯ ಮುಗಿದು ಸರಳ ಇಂಗ್ಲಿಷ್ ಶುರುವಾಗುತ್ತದೆ. ತರಬೇತಿಯ ಹೆಚ್ಚಿನ ಸಮಯ ಅಲ್ಲಿಗೇ ಮೀಸಲಾಗಬೇಕು.

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದ ದಿನದಿಂದ ಇಂದಿನವರೆಗೂ, ನನ್ನಂಥವರ ಮಾತು ಅಸ್ಪಷ್ಟವಾದರೆ "ಇನ್ನೊಮ್ಮೆ ಹೇಳಿ" ಎನ್ನುವ ಅನುಕೂಲ ಕೇಳುಗರಿಗೆ ಇಲ್ಲ. ಪೈಲಟ್‌ಗೆ ಅದಿದೆ. ಆದರೂ ನಮ್ಮ ಹುಡುಗರು, ಗುರುಗಳ ಮುಂದೆ ಅರ್ಥವಾಗದಿದ್ದರೂ "ಆಯ್ತು ಸಾರ್" ಎನ್ನುವ ಅಭ್ಯಾಸದಿಂದ, ಅಲ್ಲೂ ‘ರಾಜರ್’ ಎಂದುಬಿಡುತ್ತಾರೆ. ಆ ಪದದ ಅರ್ಥ ನಿಮ್ಮ ಮಾತು ಪೂರ್ತಿ ತಲುಪಿತು ಎಂದಷ್ಟೇ. ಒಪ್ಪಿಗೆಯೂ ಅಲ್ಲ, ಮಾಡುತ್ತೇನೆಂಬ ಭರವಸೆಯೂ ಅಲ್ಲ. ಹಾಗಾಗಿ ಬೋಧಕರು ಒಮ್ಮೊಮ್ಮೆ ಬೇಕೆಂದೇ ಗೊಗ್ಗರು ದನಿಯಲ್ಲಿ, ಅರ್ಧ ನುಂಗಿದ ಸೂಚನೆ ಕೊಡಬೇಕು. ‘ರಾಜರ್’ ಎಂದವರನ್ನು ಕೂರಿಸಿ, ‘ಸೇ ಅಗೇನ್’ ಎಂದು ಕೇಳಿದವರೊಡನೆ ಪಾಠ ಮುಂದುವರಿಸಬೇಕು.

ನಮಸ್ಕಾರ.